ಐದೂರ ಪುಸ್ತಕಗಳ ವಾಟ್ನಿ

ಪುಸ್ತಕದ ಮೊದಲ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಬ್ಲೇಡು ಆಡಿದ ಜಾಗ ಕಾಣುತ್ತದೆ. ಕಾಗದ ಅಲ್ಲಿ ತುಸು ತೆಳ್ಳಗಾಗಿ ಎಳೆ ಎದ್ದಿರುತ್ತದೆ. ಅದರ ಮೇಲೆ ಹಸಿರು ಶಾಯಿಯ ದುಂಡು ಮುದ್ರೆ. ಮುದ್ರೆಯ ಅಡಿಯಲ್ಲಿ ಒಂದು ಕಾಲಕ್ಕೆ ಒಂದು ಅಂಕಿ ಇತ್ತು. ಚಂದ್ರಮತಿ ಚೌಗುಲೆ ಕನ್ನಡಕವನ್ನು ಹಣೆಗೇರಿಸಿ, ಪುಟವನ್ನು ಮೂಗಿನ ತನಕ ತಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ ನೋಡಿದರು. ಒಂದು ಗೀಟು ಕಂಡ ಹಾಗಾಯಿತು. ಅದು ಅಂಕಿಯ ಗೀಟೋ, ಬ್ಲೇಡಿನದೋ ಹೇಳಲಾಗಲಿಲ್ಲ. ಪುಸ್ತಕವನ್ನು ಎಡಗಡೆಯ ರಾಶಿಗೆ ಇಟ್ಟರು. ಎಡಗಡೆಯದು ಯಾರದೆಂದು ಗೊತ್ತಾಗದ ಪುಸ್ತಕಗಳ ರಾಶಿ. ಬೆಳಿಗ್ಗೆ ಎಂಟಕ್ಕೆ ಕುಳಿತವರು ಹನ್ನೊಂದರ ತನಕ ನೋಡಿದ್ದು ನೂರಾಹತ್ತು. ಬಲಗಡೆಗೆ ಹೋದದ್ದು ನಾಲ್ಕು.

ಇದು ಸೆಪ್ಟೆಂಬರ್ ತಿಂಗಳ ಮೊದಲ ವಾರದ ಮಾತು. ಜಾಗ, ಕೃಷ್ಣಾ ನದಿಗೆ ಹತ್ತಿರದ ಅಂಕಲಿಯ ವಾಚನಾಲಯ. ಒಂದು ಉದ್ದನೆಯ ಕೋಣೆ, ಎಂಟು ಕಪಾಟು, ಎರಡು ಬಾಕು. ಚಂದ್ರಮತಿಗೆ ಐವತ್ಮೂರು ವರ್ಷ. ಇಪ್ಪತ್ತೆರಡು ವರ್ಷದಿಂದ ಈ ಕೋಣೆಯ ಕೀಲಿ ಅವರ ಸೊಂಟದಲ್ಲಿದೆ. ಪುಟದ ಮೇಲಿನ ಅಂಕಿಗಳನ್ನು ಕೆರೆದು ತೆಗೆದವರು ಬೇರೆ ಯಾರೂ ಅಲ್ಲ, ಅವರೇ. ಬೇರೆ ನಾಲ್ವರ ಕೈಗೂ ಬ್ಲೇಡು ಕೊಟ್ಟವರು ಅವರೇ.

ಕೆರೆದದ್ದು ಯಾಕೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಂಕಲಿ, ನಿಪ್ಪಾಣಿ ಹತ್ತಿರದ ಬೋರಗಾಂವ, ರಾಯಬಾಗ, ಅಥಣಿ, ಕಾಗವಾಡ. ಈ ಐದು ಕಡೆ ಊರವರೇ ಸಮಿತಿ ಮಾಡಿಕೊಂಡು ನಡೆಸುವ ಐದು ವಾಚನಾಲಯಗಳಿದ್ದವು. ಎಲ್ಲವೂ ಬಡವೇ. ಐವರು ನೋಡಿಕೊಳ್ಳುವವರು 2009ರಲ್ಲಿ ಚಿಕ್ಕೋಡಿಯಲ್ಲಿ ಎರಡು ದಿನದ ತರಬೇತಿಯೊಂದರಲ್ಲಿ ಭೇಟಿಯಾದರು. ಊಟದ ಹೊತ್ತಿನಲ್ಲಿ ಮಾತು ಬಂತು. ದ್ರಾಕ್ಷಿ ಬೇಸಾಯದ ಒಂದೇ ಪುಸ್ತಕ ಐದು ಊರಲ್ಲೂ ಇತ್ತು, ಐದೂ ಕಡೆ ಧೂಳು ತಿನ್ನುತ್ತಿತ್ತು. ಆದರೆ ಮರಾಠಿಯ ನಾಲ್ಕು ಭಾಗದ ಒಂದು ದೊಡ್ಡ ಕಾದಂಬರಿಯ ಮೊದಲೆರಡು ಭಾಗ ಬೋರಗಾಂವದಲ್ಲಿ, ಮೂರನೆಯದು ಅಥಣಿಯಲ್ಲಿ, ನಾಲ್ಕನೆಯದು ಕಾಗವಾಡದಲ್ಲಿ. ಅದನ್ನು ಪೂರ್ತಿ ಓದಿದ ಒಬ್ಬನೇ ಒಬ್ಬ ಮನುಷ್ಯನೂ ಐದೂರಲ್ಲಿ ಇರಲಿಲ್ಲ.

ಹಾಗೆ ಗುರುವಾರದ ಪಿಶವಿ ಶುರುವಾಯಿತು. ಪಿಶವಿ ಎಂದರೆ ಎರಡು ರೆಗ್ಝಿನ್ ಚೀಲ, ಒಂದೊಂದರಲ್ಲಿ ಮೂವತ್ತು ಮೂವತ್ತೈದು ಪುಸ್ತಕ. ಒಂದು ಗುರುವಾರ ಪಡುವಣಕ್ಕೆ, ಚಿಕ್ಕೋಡಿ ಹಾಯ್ದು ಬೋರಗಾಂವಕ್ಕೆ. ಮರು ಗುರುವಾರ ಮೂಡಣಕ್ಕೆ, ರಾಯಬಾಗ, ಅಥಣಿ, ಕಾಗವಾಡ ಸುತ್ತಿ ಮನೆಗೆ. ಓದುವವನು ತನ್ನೂರಲ್ಲಿ ಚೀಟಿ ಬರೆದಿಟ್ಟರೆ ಹದಿನೈದು ದಿನದಲ್ಲಿ ಪುಸ್ತಕ ಅವನ ಕೈಗೆ ಬರುತ್ತಿತ್ತು. ಚೀಲ ಹೊತ್ತವರು ಚಂದ್ರಮತಿ. ಹೋದ ವರ್ಷ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲೆ ಅವರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು, ಚೀಲದ್ದು ತಪ್ಪಲಿಲ್ಲ.

“ಅಕ್ಕಾರ, ನಿಮಗ ಫ್ರೀ ಐತಿ, ಪುಸ್ತಕಕ್ಕ ಇಲ್ಲ,” ಎನ್ನುತ್ತಿದ್ದ ಚಿಕ್ಕೋಡಿ ಬಸ್ಸಿನ ಕಂಡಕ್ಟರ್.

“ಪುಸ್ತಕ ಅಂದ್ರ ಸರಸ್ವತಿ. ಆಕಿ ಹೆಣ್ಣ ಅಲ್ಲೇನಪಾ?”

“ಹಂಗಾರ ಆಕೀದ ಆಧಾರ್ ಕಾರ್ಡ ತೋರಸ್ರಿ.”

ಪಿಶವಿ ಶುರುವಾಗಿ ನಾಲ್ಕು ವರ್ಷ ತುಂಬುವುದರೊಳಗೇ ಜಗಳ ಹುಟ್ಟಿತ್ತು. ಕಾಗವಾಡದ ಪುಸ್ತಕ ರಾಯಬಾಗದಿಂದ ಹೊದಿಕೆ ಹರಿದುಕೊಂಡು ಬಂತು. ಬೋರಗಾಂವದವರು, ನಮ್ಮ ಮರಾಠಿ ಪುಸ್ತಕ ಹೊರಗೆ ಹೋಗುವುದೇ ಹೆಚ್ಚು, ಬರುವುದು ಕಡಿಮೆ ಎಂದರು. ಗಡಿಯಲ್ಲಿ ನಮ್ಮದು ನಿಮ್ಮದು ಎಂಬ ಮಾತು ಪುಸ್ತಕದ ಮಟ್ಟಕ್ಕೇ ನಿಲ್ಲುವುದಿಲ್ಲ ಎಂಬುದು ಚಂದ್ರಮತಿಗೆ ಗೊತ್ತಿತ್ತು. ಅವರು ಒಂದು ಉಪಾಯ ಹೇಳಿದರು. ಪ್ರತಿ ಪುಸ್ತಕದ ಮೇಲಿರುವ ವಾಚನಾಲಯದ ಹೆಸರು, ಅಂಕಿ ಎರಡನ್ನೂ ತೆಗೆದುಬಿಡೋಣ. ಐದೂ ಕಡೆಗೆ ಒಂದೇ ಮುದ್ರೆ ಇರಲಿ. ಒಂದು ಪುಸ್ತಕದ ಎರಡು ಮೂರು ಪ್ರತಿ ಇದ್ದರೆ ಒಂದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಸಾಲೆಗಳಿಗೆ, ಹಾಸ್ಟೆಲುಗಳಿಗೆ ಕೊಡೋಣ. ಓದಿದವನು ಯಾವ ಊರಲ್ಲಿ ತಿರುಗಿ ಕೊಡುತ್ತಾನೋ ಪುಸ್ತಕ ಅಲ್ಲಿಯೇ ಇರಲಿ, ಮತ್ತೆ ಯಾರಾದರೂ ಕೇಳಿದಾಗ ಅಲ್ಲಿಂದಲೇ ಹೊರಡಲಿ.

“ಒಲಿ ಒಂದ ಇದ್ದ ಮನ್ಯಾಗ ಭಾಂಡೆಕ ಹೆಸರ ಯಾಕ ಹಾಕಸ್ತೀರಿ?” ಎಂದು ಅವರು ಆವತ್ತು ಮನೆಯ ಪಾತ್ರೆಗಳ ಹೋಲಿಕೆ ಕೊಟ್ಟು ಕೇಳಿದ್ದರು. ಐದೂ ಸಮಿತಿಯವರು ಒಪ್ಪಿದರು. ಒಪ್ಪಲು ಇನ್ನೊಂದು ಕಾರಣ, ಕಪಾಟುಗಳಲ್ಲಿ ಜಾಗ ಇರಲಿಲ್ಲ.

2013ರ ಮೇ ತಿಂಗಳಿಡೀ ಐವರು ಅಂಕಲಿಯ ಈ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕುಳಿತು ಕೆರೆದರು. ಐದು ಸಾವಿರದ ಇನ್ನೂರು ಹೆಚ್ಚಿನ ಪ್ರತಿಗಳು ಟ್ರ್ಯಾಕ್ಟರಿನಲ್ಲಿ ಸಾಲೆಗಳಿಗೆ ಹೋದವು. ಉಳಿದವುಗಳ ಒಂದೇ ಪಟ್ಟಿಯನ್ನು ಚಂದ್ರಮತಿ ಉದ್ದನೆಯ ವಹಿಯಲ್ಲಿ ಬರೆದರು. ಒಂದೊಂದು ಹೆಸರಿನ ಮುಂದೆ ಅದು ಈಗ ಯಾವ ಊರಲ್ಲಿದೆ ಎಂಬುದನ್ನು ಪೆನ್ಸಿಲಿನಲ್ಲಿ ಗುರುತು ಮಾಡುತ್ತಿದ್ದರು. ಪುಸ್ತಕ ಊರು ಬದಲಿಸಿದರೆ ಅಳಿಸಿ ಬರೆಯುವುದು. ಹನ್ನೊಂದು ವರ್ಷದಲ್ಲಿ ರಬ್ಬರು ಆಡಿ ಆಡಿ ಕೆಲವು ಪುಟಗಳ ಅಂಚು ಹರಿದು, ಹಿಂದೆ ಪಟ್ಟಿ ಅಂಟಿಸಬೇಕಾಯಿತು.

ಹೊಸ ಯೋಜನೆಯ ಕಾಗದ ಬಂದದ್ದು ಈ ಜುಲೈಯಲ್ಲಿ. ಹಳ್ಳಿಯ ವಾಚನಾಲಯಕ್ಕೆ ಹೊಸ ಮಾಡು, ನಾಲ್ಕು ಕಂಪ್ಯೂಟರು, ಮೂರು ವರ್ಷದ ಕರೆಂಟ್ ಬಿಲ್ಲು. ಷರತ್ತು ಒಂದೇ. ಅರ್ಜಿ ಹಾಕುವ ವಾಚನಾಲಯ ತನ್ನ ಸ್ವಂತ ರಜಿಸ್ಟರಿನಲ್ಲಿ, ತನ್ನ ಸ್ವಂತ ಅಂಕಿ ಇರುವ ಎರಡು ಸಾವಿರ ಪುಸ್ತಕಗಳನ್ನು ತನ್ನ ಕಪಾಟಿನಲ್ಲಿ ತೋರಿಸಬೇಕು. ಕಡೆಯ ದಿನ ಸೆಪ್ಟೆಂಬರ್ ಮೂವತ್ತು. ಐವರ ಕೂಡು ಪುಸ್ತಕ ಎಂಬುದಕ್ಕೆ ಅರ್ಜಿಯಲ್ಲಿ ಅಂಕಣವೇ ಇರಲಿಲ್ಲ. ಚಂದ್ರಮತಿ ಕಚೇರಿಗೆ ಎರಡು ಸಲ ಹೋಗಿ ಕೇಳಿದರು. ಅಲ್ಲಿದ್ದವನು ಮರ್ಯಾದೆಯಿಂದಲೇ ಮಾತಾಡಿದ. “ನಿಮ್ಮ ಕೆಲಸ ಛಲೋ ಐತ್ರಿ. ಆದ್ರ ಕಂಪ್ಯೂಟರ್‌ನ್ಯಾಗ ಒಂದ ಪುಸ್ತಕಕ್ಕ ಒಬ್ಬಾಂವನ ಮಾಲಕ ಇರಬೇಕ,” ಎಂದ.

ಮೊದಲು ಕೇಳಿದವರು ಕಾಗವಾಡದವರು. ಅಲ್ಲಿಯ ಸಮಿತಿಗೆ ಹೊಸ ಕಾರ್ಯದರ್ಶಿ ಸಂದೇಶ, ಮೂವತ್ನಾಲ್ಕರ ಹುಡುಗ, ಚಂದ್ರಮತಿಯದೇ ಸಮಾಜದವನು, ದೂರದ ಸಂಬಂಧಿ ಕೂಡ. ಅಂಕಲಿಗೇ ಬಂದು ಬಾಕಿನ ಮೇಲೆ ಕುಳಿತು ಹೇಳಿದ.

“ಅಕ್ಕಾ, ನಿಮ್ಮ ಪಿಶವೀ ಪುಸ್ತಕಾ ಓದೇ ನಾ ದೊಡ್ಡಾಂವ ಆಗೀನಿ. ಇಲ್ಲ ಅನ್ನೂದಿಲ್ಲ. ಆದ್ರ ನಮ್ಮ ಮಾಡ ಸೋರತೈತಿ. ಹೋದ ಮಳಿಗಾಲದಾಗ ಎರಡ ಕಪಾಟ ತೋಯ್ದು. ನಮ್ಮ ಹಳೇ ರಜಿಸ್ಟರದಾಗ ಎರಡ ಸಾವಿರದ ನೂರ ಪುಸ್ತಕ ಅದಾವ. ಅವನ್ನ ನಮಗ ತಿರಗಿ ಕೊಡ್ರಿ.”

“ಮಾಡ ಸೋರತೈತಿ ಅಂತ ನನಗ ಗೊತ್ತೈತಿ. ಪುಸ್ತಕ ಒಣಗಿಸಿದಾಕಿ ನಾನಽ.”

“ಮತ್ತ?”

“ಮತ್ತ ಯಾವದ ನಿಮ್ಮದಂತ ನೀನ ತೋರಸ, ಕೊಡತೀನಿ.”

ಅವರು ಕೆಣಕಿ ಆಡಿದ ಮಾತಲ್ಲ ಅದು. ಆದರೆ ಸಂದೇಶ ಕಪಾಟಿನ ಮುಂದೆ ಅರ್ಧ ತಾಸು ನಿಂತು, ಹತ್ತಾರು ಪುಸ್ತಕ ತೆರೆದು ನೋಡಿ, ಪ್ರತಿಯೊಂದರಲ್ಲೂ ಅದೇ ಹಸಿರು ಮುದ್ರೆ ಕಂಡು, ಮೋಟರ್ ಸೈಕಲ್ ಹತ್ತಿದ. ಆ ವಾರದಿಂದ ಕಾಗವಾಡದವರು ತಮ್ಮಲ್ಲಿದ್ದ ಪುಸ್ತಕಗಳನ್ನು ಹೊರಗೆ ಬಿಡುವುದನ್ನು ನಿಲ್ಲಿಸಿದರು. ಹದಿನೈದು ದಿನಕ್ಕೆ ರಾಯಬಾಗ ನಿಲ್ಲಿಸಿತು. ಆಮೇಲೆ ಅಥಣಿ. ಎಲ್ಲರೂ ಕೇಳಿದ್ದು ಒಂದೇ, ಸೆಪ್ಟೆಂಬರಿನ ಮೂರನೆಯ ಭಾನುವಾರ ಚಿಕ್ಕೋಡಿಯಲ್ಲಿ ಸೇರಿ ವಾಟ್ನಿ ಮಾಡೋಣ. ಅಣ್ಣತಮ್ಮಂದಿರು ಹೊಲಮನೆ ಪಾಲು ಮಾಡಿಕೊಳ್ಳುವುದಕ್ಕೆ ಈ ಕಡೆ ವಾಟ್ನಿ ಎನ್ನುತ್ತಾರೆ.

ಚಂದ್ರಮತಿ ಹಳೆಯ ಐದು ರಜಿಸ್ಟರು ತರಿಸಿಕೊಂಡು ಲೆಕ್ಕ ಹಾಕಿದರು. ಕಪಾಟುಗಳಲ್ಲಿ ಇರುವುದು ಒಟ್ಟು ಆರು ಸಾವಿರದ ಇನ್ನೂರಾ ನಲವತ್ತು. ಅದರಲ್ಲಿ ಒಂದೇ ರಜಿಸ್ಟರಿನಲ್ಲಿ ಹೆಸರಿರುವವು ಎರಡು ಸಾವಿರದ ಮುನ್ನೂರಾ ಹತ್ತು. ಅವುಗಳಿಗೆ ತಕರಾರಿಲ್ಲ, ಯಾರವೋ ಅವರಿಗೆ. ಎರಡು ಸಾವಿರದ ಎಂಟುನೂರಾ ತೊಂಬತ್ತು ಪುಸ್ತಕಗಳು ಎರಡು, ಮೂರು, ಕೆಲವಂತೂ ಐದೂ ರಜಿಸ್ಟರಿನಲ್ಲಿದ್ದವು. ಎಲ್ಲರೂ ಕೊಂಡಿದ್ದರು, ಒಂದು ಉಳಿದಿತ್ತು. ಉಳಿದ ಸಾವಿರದ ನಲವತ್ತು 2013ರ ನಂತರ ಐವರೂ ಸೇರಿ ಕೊಂಡವು, ಅವು ಯಾವ ರಜಿಸ್ಟರಿನಲ್ಲೂ ಇಲ್ಲ.

ಉಳಿದ ಒಂದು ಪ್ರತಿ ಯಾರದು ಎಂಬುದನ್ನು ಹೇಳುವ ಅಂಕಿ ಮುದ್ರೆಯ ಅಡಿಯಲ್ಲಿತ್ತು. ಅದಕ್ಕಾಗಿಯೇ ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು.

ಅಂಕಿ ಕಾಣದಿದ್ದರೆ ಬೇರೆ ಗುರುತು ಹುಡುಕೋಣ ಎಂದುಕೊಂಡರು. ಅವರ ಕೈಗೆ ಐದೂರ ಪುಸ್ತಕಗಳ ಪರಿಚಯ ಇತ್ತು. ಅಥಣಿಯವರು ಹಿಂದೆ ಹೊದಿಕೆಗೆ ನೀಲಿ ಕಾಗದ ಹಾಕುತ್ತಿದ್ದರು. ಅಂಕಲಿಯವರು ಗೊಬ್ಬರದ ಕಂಪನಿಯ ಹಳೆಯ ಕ್ಯಾಲೆಂಡರು ಮಡಚಿ ಹಾಕುತ್ತಿದ್ದರು. ಬೋರಗಾಂವದ ವಾಚನಾಲಯದ ಮಗ್ಗುಲಿಗೆ ಪವರ್‌ಲೂಮುಗಳಿವೆ, ಅಲ್ಲಿಯ ಪುಸ್ತಕಗಳ ಹೊಲಿಗೆಯ ಸಂದಿಯಲ್ಲಿ ಅರಳೆಯ ನವಿರಾದ ಎಳೆಗಳು ಸೇರಿಕೊಂಡಿರುತ್ತವೆ, ಚಿವುಟಿದರೆ ಬೆರಳಿಗೆ ಅಂಟುತ್ತವೆ. ಹೀಗೆ ನೋಡುತ್ತ ಎರಡು ದಿನದಲ್ಲಿ ಮುನ್ನೂರಾ ಹನ್ನೆರಡು ಪುಸ್ತಕಗಳ ಊರು ಪತ್ತೆ ಮಾಡಿದರು. ಆ ಎರಡು ದಿನ ಅವರ ಮುಖದಲ್ಲಿ ಕಳೆ ಇತ್ತು ಎಂದು ಗಂಡ ಬಾಹುಬಲಿ ಈಗಲೂ ಹೇಳುತ್ತಾರೆ.

ಮೂರನೆಯ ದಿನ ಅರಳೆ ಇರುವ ಪುಸ್ತಕಗಳನ್ನೆಲ್ಲ ಒಂದು ಕಡೆ ಜೋಡಿಸಿ, ಬೋರಗಾಂವದ ರಜಿಸ್ಟರಿಗೆ ತಾಳೆ ಹಾಕಲು ಕುಳಿತರು. ಅರ್ಧಕ್ಕಿಂತ ಹೆಚ್ಚು ಪುಸ್ತಕಗಳು ಆ ರಜಿಸ್ಟರಿನಲ್ಲಿಯೇ ಇಲ್ಲ. ಸಂಶಯ ಬಂದು ಐದೂರೂ ಸೇರಿ ಮೊನ್ನೆ ಮೊನ್ನೆ ಕೊಂಡ ಒಂದು ಅಡುಗೆ ಪುಸ್ತಕ ತೆರೆದರು. ಅದರ ಸಂದಿಯಲ್ಲೂ ಅರಳೆ. ದ್ರಾಕ್ಷಿ ಬೇಸಾಯದ್ದು ತೆರೆದರು, ಅದರಲ್ಲೂ ಇತ್ತು. ಹನ್ನೊಂದು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲ ಪುಸ್ತಕಗಳೂ ಒಮ್ಮೆಯಾದರೂ ಬೋರಗಾಂವಕ್ಕೆ ಹೋಗಿ ಓದಿಸಿಕೊಂಡು ಬಂದಿದ್ದವು. ನೀಲಿ ಹೊದಿಕೆಯದ್ದೂ ಇದೇ ಕಥೆ. ಅಥಣಿಯವರು ತಮ್ಮಲ್ಲಿಗೆ ಬಂದ ಹರಿದ ಪುಸ್ತಕಗಳಿಗೆಲ್ಲ, ಯಾವ ಊರದೆಂದು ನೋಡದೆ, ನೀಲಿ ಕಾಗದ ಹಾಕಿ ಕಳಿಸಿದ್ದರು. ಅಂಕಲಿಯ ಕ್ಯಾಲೆಂಡರಿನದೂ ಅಷ್ಟೇ, ಹಾಗೆ ಹಾಕಿದವರು ಚಂದ್ರಮತಿಯೇ.

ಬಲಗಡೆಯ ರಾಶಿಯಲ್ಲಿದ್ದ ಆ ಮುನ್ನೂರಾ ಹನ್ನೆರಡನ್ನೂ ಎತ್ತಿ ಅವರು ಎಡಗಡೆಗೆ ಇಟ್ಟರು.

ಮನೆಯಲ್ಲಿ ಬಾಹುಬಲಿ ಕೈತೊಳೆದು ತಾಟಿನ ಮುಂದೆ ಕುಳಿತಿದ್ದರು. ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ಅದು. ಚಂದ್ರಮತಿ ರೊಟ್ಟಿ ಬಡಿಸಿ ಆ ದಿನದ ಸಂಗತಿ ಹೇಳಿದರು.

“ನಾ ಆವತ್ತ ಹೇಳಿದ್ದೆ,” ಎಂದರು ಬಾಹುಬಲಿ.

“ಏನ ಹೇಳಿದ್ರಿ?”

“ಭಾಂಡೆಕ ಹೆಸರ ಹಾಕಸೂದು ಒಲಿ ಒಂದ ಇದ್ದಾಗಿನ ಸಲವಾಗಿ ಅಲ್ಲ. ಒಲಿ ಬ್ಯಾರೆ ಆಗೂ ದಿನದ ಸಲವಾಗಿ.”

“ನೀವ ಇವತ್ತ ಹೇಳಾಕತ್ತೀರಿ.”

“ಆವತ್ತ ಮನಸಿನ್ಯಾಗ ಹೇಳಿದ್ದೆ. ನೀ ಎಲ್ಲಿ ಕೇಳತೀ,” ಎಂದು ಅವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು.

ಸಭೆಗೆ ಮೂರು ದಿನ ಇರುವಾಗ ಗುರುವಾರ ಬಂತು. ಪಡುವಣದ ಸರದಿ. ಮೂರು ಊರು ಪುಸ್ತಕ ಬಿಡುವುದನ್ನು ನಿಲ್ಲಿಸಿದ್ದರೂ ಅಂಕಲಿ, ಬೋರಗಾಂವ ಇನ್ನೂ ನಿಲ್ಲಿಸಿರಲಿಲ್ಲ. ಚಂದ್ರಮತಿ ಒಂದೇ ಚೀಲದಲ್ಲಿ ಹದಿನಾರು ಪುಸ್ತಕ ಹಾಕಿಕೊಂಡು ಹೊರಟರು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಬೋರಗಾಂವ ಮುಟ್ಟಿದಾಗ ಹನ್ನೆರಡೂವರೆ.

ಅಲ್ಲಿಯ ವಾಚನಾಲಯ ನೋಡಿಕೊಳ್ಳುವವನು ಜ್ಞಾನದೇವ, ಕನ್ನಡಕ್ಕೆ ಮರಾಠಿ ಬೆರೆಸಿ ಮಾತಾಡುವವನು. ಬೆಳಿಗ್ಗೆ ಪಾಳಿಯಲ್ಲಿ ಮಗ್ಗ ನಡೆಸಿ, ಮಧ್ಯಾಹ್ನ ಇಲ್ಲಿಗೆ ಬರುತ್ತಾನೆ. ಚೀಲ ಇಳಿಸಿಕೊಂಡು ಎತ್ತಿ ನೋಡಿದ.

“ಏನ ಅಕ್ಕಾ, ಪಿಶವಿ ಸೊರಗೇತಿ.”

“ಊರ ಎಲ್ಲಾ ಉಪಾಸ ಕುಂತಾವಪಾ.”

“ಸಾಂಗತೋ ನಾ, ನಿಮ್ಮ ಬ್ಲೇಡ್ ಭಾಳ ಹರಿತ ಇತ್ತ. ನನಗ ಕೊಟ್ಟಿದ್ರಲ್ಲ, ಮೊಂಡ ಇತ್ತ. ನಾ ಕೆರದದ್ದರಾಗ ಒಂದೆರಡ ಅಂಕಿ ಉಳದಿರಬೇಕ ನೋಡ್ರಿ.”

“ನೋಡೀನಿ. ಹನ್ನೊಂದ ಉಳದಾವ.”

“ಬಘಾ, ನೋಡ್ರಿ ಮತ್ತ. ಆಲಸಿ ಮನಶ್ಯಾನಿಂದ ಹನ್ನೊಂದರ ಉಳದು.”

ಮಾತಾಡುತ್ತಿರುವಾಗ ಗೌರಾಬಾಯಿ ಬಂದರು. ಅರವತ್ತರ ಹೆಂಗಸು, ಮನೆಯಲ್ಲಿ ಕೂತು ಮಗ್ಗಕ್ಕೆ ಕಂಡಿಕೆ ಸುತ್ತುವ ಕೆಲಸ, ಮರಾಠಿ ನಾಲ್ಕನೆಯ ತರಗತಿಯವರೆಗೆ ಓದಿದ್ದಾರೆ. ನಾಲ್ಕು ಭಾಗದ ಆ ದೊಡ್ಡ ಕಾದಂಬರಿಯನ್ನು ಹೋದ ದೀಪಾವಳಿಯಿಂದ ಓದುತ್ತಿದ್ದರು. ದಿನಕ್ಕೆ ಎಂಟು ಪುಟ, ಬೆರಳಿಟ್ಟು ಓದುವುದು. ಮೂರನೆಯ ಭಾಗ ಮುಗಿಸಿ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು.

“ಶೇವಟಚಾ ಭಾಗ ಆಣಲಾ ಕಾ?” ಎಂದು ಕೇಳಿದರು, ಕೊನೆಯ ಭಾಗ ತಂದಿರೇನು ಎಂದು.

“ಇಲ್ರಿ ಬಾಯಿ. ಅದು ಕಾಗವಾಡದಾಗ ಐತಿ. ಅವ್ರ ಈಗ ಕೊಡವಲ್ರು.”

“ಯಾಕ, ನಾ ಏನ ಹಾಳ ಮಾಡೀನಿ?”

“ನಿಮ್ಮ ಸಲವಾಗಿ ಅಲ್ಲರಿ. ಪುಸ್ತಕ ವಾಟ್ನಿ ಆಗಾಕತ್ತಾವ.”

ಗೌರಾಬಾಯಿ ಮೂರನೆಯ ಭಾಗದ ಹೊದಿಕೆಯನ್ನು ಸೆರಗಿನಿಂದ ಒರೆಸಿದರು. ತಮ್ಮ ಮನೆಯಲ್ಲೂ ವಾಟ್ನಿ ಕಂಡವರಿರಬೇಕು, ಮತ್ತೆ ಅದರ ಬಗ್ಗೆ ಏನೂ ಕೇಳಲಿಲ್ಲ. “ಹಂಗಾರ ನೀವ ಬಾಯಿಲೇ ಹೇಳ್ರಿ. ಆ ಹುಡಗಿ ತವರಿಗಿ ತಿರಗಿ ಹೋಗತಾಳೋ, ಇಲ್ಲೋ?”

“ನನಗ ಗೊತ್ತಿಲ್ಲರಿ. ನಾ ಓದಿಲ್ಲ.”

“ಇಷ್ಟ ವರ್ಷ ಹೊತ್ತ ತಿರಗೀರಿ, ಓದಿಲ್ಲ?”

“ಯಾವಾಗಲೂ ಒಬ್ಬರ ಚೀಟಿ ಇರತಿತ್ತರಿ. ಬಂದದ್ದ ಬಂದಂಗ ಹೋಗತಿತ್ತ.”

ಮೂರನೆಯ ಭಾಗವನ್ನು ಮೇಜಿನ ಮೇಲೆ ಇಟ್ಟು ಗೌರಾಬಾಯಿ ಹೋದರು. ಬೇರೆ ಪುಸ್ತಕ ಕೇಳಲಿಲ್ಲ. ಮರಳುವ ಬಸ್ಸಿನಲ್ಲಿ ಚಂದ್ರಮತಿ ಒಂದು ವಿಚಾರ ಮಾಡಿದರು. ಭಾನುವಾರದ ಸಭೆಯಲ್ಲಿ ಪಾಲು ಮಾಡುವುದನ್ನೇ ತಡೆಯಬೇಕು. ಐದೂರವರ ಎಲ್ಲ ಪುಸ್ತಕಗಳನ್ನೂ ಈ ವರ್ಷ ಒಂದೇ ಊರಿನ ಹೆಸರಿಗೆ ಬರೆದುಕೊಡೋಣ, ಮಾಡು ಸೋರುವ ಕಾಗವಾಡಕ್ಕೇ ಆಗಲಿ. ಯೋಜನೆ ಅವರಿಗೆ ಸಿಗಲಿ, ಪಿಶವಿ ಮಾತ್ರ ಮೊದಲಿನಂತೆ ನಡೆಯಲಿ. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಕಂಪ್ಯೂಟರು ಯಾವ ಊರಲ್ಲಿ ಕುಳಿತರೂ ಅವರಿಗೆ ಚಿಂತೆ ಇರಲಿಲ್ಲ.

ಸಭೆ ಮೂರು ಗಂಟೆಗೆ, ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದ ಮೇಲಿನ ಮಹಡಿಯಲ್ಲಿ. ಐದು ಸಮಿತಿಯಿಂದ ಹದಿನೆಂಟು ಮಂದಿ. ಅಧ್ಯಕ್ಷತೆ ಅಥಣಿ ಸಮಿತಿಯ ಹಿರಿಯರು ಲಗಮಣ್ಣನವರದು. ನಲವತ್ತು ವರ್ಷ ವಕೀಲಿ ಮಾಡಿದವರು, ಅಣ್ಣತಮ್ಮಂದಿರ ನೂರಾರು ವಾಟ್ನಿ ನೋಡಿದವರು. ಚಂದ್ರಮತಿ ತಮ್ಮ ವಿಚಾರ ಹೇಳಿ ಮುಗಿಸುವ ಮೊದಲೇ ರಾಯಬಾಗದ ಧರೆಪ್ಪ ಎದ್ದರು.

“ಅಕ್ಕಾರ, ಕಾಗವಾಡಕ್ಕ ಬರದ ಕೊಟ್ಟಮ್ಯಾಲ ಕಾಗವಾಡದ್ದಽ ಆತಲ್ಲರಿ ಅದು? ಮುಂದ ಅವ್ರ ಪಿಶವಿ ಬಂದ ಮಾಡಿದ್ರ ನಾವ ಯಾರ್ನ ಕೇಳೂದು?”

“ಸಂದೇಶ ಹಂಗ ಮಾಡೂದಿಲ್ಲ.”

“ಸಂದೇಶ ಈಗ ಮಾಡ್ಯಾನಲ್ಲರಿ, ಎರಡ ತಿಂಗಳಾತು.”

ಸಂದೇಶ ತಲೆ ತಗ್ಗಿಸಿದ್ದ. ಆಮೇಲೆ ಮೆಲ್ಲಗೆ, “ನಾ ಇರೂತನಕ ಮಾಡೂದಿಲ್ಲ ಅಂತ ಹೇಳಬಲ್ಲೆ. ಸಮಿತಿ ಬದಲಾದ್ರ ನಾ ಏನ ಹೇಳ್ಲಿ?” ಎಂದ. ಪ್ರಾಮಾಣಿಕವಾದ ಆ ಮಾತಿನಿಂದಲೇ ಆ ದಾರಿ ಮುಚ್ಚಿತು.

ಚೀಟಿ ಎತ್ತೋಣ ಎಂದರು ಯಾರೋ. ಉಳಿದವರು ಒಪ್ಪಲಿಲ್ಲ. ಪುಸ್ತಕ ಈಗ ಯಾವ ಊರಲ್ಲಿದೆಯೋ ಆ ಊರದೇ ಎಂದುಕೊಳ್ಳೋಣ ಎಂದರು ಇನ್ನೊಬ್ಬರು. ಬಿಡುವುದನ್ನು ಮೊದಲೇ ನಿಲ್ಲಿಸಿದ ಊರುಗಳಲ್ಲಿ ಹೆಚ್ಚು ಪುಸ್ತಕ ಉಳಿದಿದ್ದವು, ಕೊನೆಯ ತನಕ ಕಳಿಸಿದ ಬೋರಗಾಂವ, ಅಂಕಲಿಗಳಲ್ಲಿ ಕಡಿಮೆ. ಅದೂ ಆಗಲಿಲ್ಲ. ಎರಡು ಸಲ ಚಹಾ ಬಂತು. ಐದೂವರೆ ದಾಟಿತು. ಚಂದ್ರಮತಿ ಕಿಟಕಿಯ ಕಡೆ ನೋಡಿದರು. ಇನ್ನರ್ಧ ತಾಸಿನಲ್ಲಿ ಎದ್ದು, ಹತ್ತಿರದ ಬೀಗರ ಮನೆಯಲ್ಲಿ ನಾಲ್ಕು ತುತ್ತು ಉಂಡರೆ ಉಂಡಂತೆ, ಇಲ್ಲದಿದ್ದರೆ ಮರುದಿನ ಬೆಳಗಾಗಬೇಕು. ಅವರು ಏಳಲಿಲ್ಲ.

ಕೊನೆಗೆ ಲಗಮಣ್ಣನವರು ಮೇಜು ತಟ್ಟಿದರು.

“ನಾ ಒಂದ ಮಾತ ಹೇಳತೀನಿ. ಈ ಪುಸ್ತಕಾ ಹದಿನೈದ ವರ್ಷ ಯಾರ ಕೈಯಾಗ ತಿರಗ್ಯಾಡ್ಯಾವ? ಚಂದ್ರಮತಿಬಾಯಿ ಕೈಯಾಗ. ಆಕಿ ಸುಳ್ಳ ಹೇಳಾಕಿ ಅಲ್ಲ. ಯಾವದ ಯಾರದಂತ ಆಕೀನ ಹೇಳ್ಲಿ. ವಹಿಯೊಳಗ ಬರದ, ಖರೆ ಅಂತ ಸಹಿ ಮಾಡ್ಲಿ. ಆಕಿ ಬರದದ್ದ ಐದೂರಿಗಿ ಕಬೂಲ. ಏನಂತೀರಿ?”

ಒಬ್ಬೊಬ್ಬರಾಗಿ ಹೂಂ ಎಂದರು. ಸಂದೇಶ ಎಂದ, ಧರೆಪ್ಪ ಎಂದರು. ಅಂಕಲಿಯ ಸಮಿತಿಯವರು ಎಲ್ಲರಿಗಿಂತ ಜೋರಾಗಿ ಎಂದರು. ಆ ಮಧ್ಯಾಹ್ನ ಹದಿನೆಂಟು ಮಂದಿ ಒಪ್ಪಿದ್ದು ಇದೊಂದನ್ನೇ.

ಚಂದ್ರಮತಿ ವಹಿ ತೆರೆದರು. ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಆರು ಸಾವಿರದ ಇನ್ನೂರಾ ನಲವತ್ತು. ತಕರಾರಿಲ್ಲದವನ್ನೂ ಸೇರಿಸಿ ಎರಡೆರಡು ಸಾವಿರದಂತೆ ಹಂಚಿದರೆ ಮೂರು ಊರಿಗೆ ಸಾಕು. ಉಳಿದ ಎರಡು ಊರಿಗೆ ನೂರಿಪ್ಪತ್ತರಂತೆ. ಮಾಡು ಸೋರುವ ಕಾಗವಾಡ, ಗೌರಾಬಾಯಿಯಂಥವರಿರುವ ಬೋರಗಾಂವ, ಮತ್ತೊಂದು. ತಾನು ಇಪ್ಪತ್ತೆರಡು ವರ್ಷ ಗುಡಿಸಿದ ಅಂಕಲಿಯೋ? ಹಾಗಾದರೆ ರಾಯಬಾಗದ ಕಪಾಟು ಖಾಲಿ, ಅಥಣಿಯದೂ ಖಾಲಿ. ಮೂರು ಹೆಸರು ಬರೆದರೆ ಕೆಲಸ ಮುಗಿಯುತ್ತಿತ್ತು. ಬರೆದದ್ದರ ಕೆಳಗೆ, ಈ ಪುಸ್ತಕ ಈ ಊರದೆಂದು ನನಗೆ ಗೊತ್ತಿದೆ ಎಂದು ಎರಡು ಸಾವಿರದ ಎಂಟುನೂರಾ ತೊಂಬತ್ತು ಸಲ ಸಹಿ ಮಾಡಬೇಕಾಗಿತ್ತು.

ಅವರು ಪುಟ ತಿರುವಿದರು. ಇನ್ನೊಂದು ತಿರುವಿದರು. ಯಾರೂ ಅವಸರ ಮಾಡಲಿಲ್ಲ.

“ನನಗ ಗೊತ್ತಿಲ್ಲರಿ,” ಎಂದರು.

“ಅಂದಾಜಿಲೆ ಹೇಳ್ರಿ, ಬಾಯಾರ,” ಎಂದರು ಲಗಮಣ್ಣ.

“ಅಂದಾಜಿಲೆ ಹೇಳಿದ್ರ ಅದು ಖರೆ ಹೆಂಗ ಆಗತೈತಿ?”

ವಹಿ ಮುಚ್ಚಿ ಅವರ ಮುಂದೆ ಸರಿಸಿದರು. ಹೊರಗೆ ಹೊತ್ತು ಮುಳುಗಿತ್ತು.

ಆಮೇಲಿನ ನಿರ್ಣಯಕ್ಕೆ ಹತ್ತು ನಿಮಿಷ ಸಾಕಾಯಿತು. ತಕರಾರಿಲ್ಲದ ಪುಸ್ತಕಗಳು ಆಯಾ ಊರಿಗೆ. ಉಳಿದ ಮೂರು ಸಾವಿರದ ಒಂಬೈನೂರಾ ಮೂವತ್ತು ಪುಸ್ತಕಗಳನ್ನು ಗಂಟು ಕಟ್ಟಿ, ಚಿಕ್ಕೋಡಿಯಲ್ಲಿ ಒಂದು ಕೋಣೆ ನೋಡಿ ಇಡುವುದು, ತೀರ್ಮಾನ ಆಗುವ ತನಕ ಯಾರಿಗೂ ಕೊಡಕೂಡದು. ಗುರುವಾರದ ತಿರುಗಾಟ ಬಂದ್. ವಕೀಲರು ಬರೆದದ್ದನ್ನು ಓದಿ ಹೇಳಿ, ಎಲ್ಲರ ಸಹಿ ತೆಗೆದುಕೊಂಡರು. ಚಂದ್ರಮತಿಯೂ ಸಹಿ ಮಾಡಿದರು. ಅದರಲ್ಲಿ ಬರೆದದ್ದು ಖರೆಯೇ ಆಗಿತ್ತು.

ಬಸ್ ನಿಲ್ದಾಣದ ತನಕ ಜ್ಞಾನದೇವ ಜೊತೆಗೆ ಬಂದ. ಅವನ ಬಸ್ಸು ನಿಪ್ಪಾಣಿ ಕಡೆಗೆ, ಅವರದು ಅಂಕಲಿ ಕಡೆಗೆ. ನಿಲ್ದಾಣ ಮುಟ್ಟಿದ ಮೇಲೆ ಅವನು ಬಾಯಿ ಬಿಟ್ಟ.

“ಅಕ್ಕಾ, ಬೈಬ್ಯಾಡ್ರಿ. ಮೂರ ಹೆಸರ ಬರದ ಬಿಡಬೇಕಿತ್ತ ನೀವ.”

“ಯಾವ ಮೂರು?”

“ಯಾವದರ ಮೂರು. ಬೋರಗಾಂವ ಇರದಿದ್ರೂ ನಡೀತಿತ್ತ. ಮೂರ ಊರಾಗರ ಕಪಾಟ ತೆರದ ಇರತಿದ್ದು. ಈಗ ಐದಕ್ಕೂ ಇಲ್ಲ.”

“ಉಳದ ಎರಡ ಊರಾಗ ನಾ ಹೆಂಗ ಮಾರಿ ತೋರಸ್ಲಿ?”

“ಈಗ ಐದ ಊರಾಗ ಹೆಂಗ ತೋರಸ್ತೀರಿ?”

ಜ್ಞಾನದೇವ ಹಣ್ಣಿನ ಗಾಡಿಯಿಂದ ನಾಲ್ಕು ಬಾಳೆಹಣ್ಣು ತಂದು ಮುಂದೆ ಹಿಡಿದ. ಹೊತ್ತು ಮುಳುಗಿದ ಮೇಲೆ ಅವರು ತಿನ್ನುವುದಿಲ್ಲ ಎಂಬುದು ನೆನಪಾಗಿ, ನಾಲಿಗೆ ಕಚ್ಚಿಕೊಂಡು, ತನ್ನ ಚೀಲಕ್ಕೆ ಹಾಕಿಕೊಂಡ.

ಜ್ಞಾನದೇವನ ಆ ಪ್ರಶ್ನೆ ಚಂದ್ರಮತಿಯನ್ನು ಬಿಟ್ಟಿಲ್ಲ. ಮುಂದಿನ ದಿನಗಳಲ್ಲಿ ಗಂಟು ಕಟ್ಟುತ್ತ ಅದನ್ನು ಬಾಹುಬಲಿಯ ಮುಂದೆ ಎರಡು ಮೂರು ಸಲ ಆಡಿದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ, ಅದು ತಪ್ಪಲ್ಲ. ಆದರೆ ಹಾಗೆ ಹೇಳಿದ್ದರಿಂದ ಯಾರಿಗೆ ಏನು ಸಿಕ್ಕಿತು ಎಂದು ಕೇಳಿದರೆ ಒಬ್ಬರ ಹೆಸರೂ ಬರುವುದಿಲ್ಲ. ಬಾಹುಬಲಿ ಈ ಸಲ ನಾ ಮೊದಲೇ ಹೇಳಿದ್ದೆ ಎನ್ನಲಿಲ್ಲ. ಗಂಟು ಬಿಗಿಯಲು ಹೊಲದಿಂದ ಸುತಳಿಯ ಉಂಡೆ ತಂದುಕೊಟ್ಟರು.

ಸೆಪ್ಟೆಂಬರ್ ಮೂವತ್ತು ಬಂದು ಹೋಯಿತು. ಎರಡು ಸಾವಿರ ಪುಸ್ತಕ ತೋರಿಸಲಾಗದೆ ಐದೂರಲ್ಲಿ ಒಂದೂ ಅರ್ಜಿ ಹಾಕಲಿಲ್ಲ. ಅರ್ಜಿಯ ಅವಧಿ ಮುಗಿದ ಮೇಲಾದರೂ ನಿರ್ಣಯ ಬದಲಿಸಬಹುದೇ ಎಂದು ಚಂದ್ರಮತಿ ಲಗಮಣ್ಣನವರಿಗೆ ಫೋನು ಮಾಡಿದರು. ಮುಂದಿನ ವರ್ಷ ಮತ್ತೆ ಯೋಜನೆ ಬಂದರೆ ಪುಸ್ತಕಗಳು ಬೇಕಾಗುತ್ತವೆ, ಅಲ್ಲಿಯ ತನಕ ಯಾರೂ ಬಿಟ್ಟುಕೊಡಲು ತಯಾರಿಲ್ಲ ಎಂದು ಅವರು ಹೇಳಿದರು. ಕಾಗವಾಡದ ಮಾಡಿನ ಮೇಲೆ ಸಂದೇಶ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದಾನೆ.

ಅಂಕಲಿಯ ಪಾಲಿಗೆ ಉಳಿದದ್ದು ನಾನೂರಾ ಎಪ್ಪತ್ತೊಂದು ಪುಸ್ತಕ, ಎರಡು ಕಪಾಟಿಗೆ ಸಾಕು. ಉಳಿದ ಆರು ಕಪಾಟುಗಳ ಎಂಟುನೂರಾ ಹನ್ನೊಂದು ಪುಸ್ತಕಗಳು ಮೂವತ್ಮೂರು ಗಂಟುಗಳಾಗಿ ಬಾಗಿಲ ಬಳಿ ಇವೆ. ಅವನ್ನು ಚಿಕ್ಕೋಡಿಗೆ ಒಯ್ಯುವ ಟೆಂಪೊ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬರುತ್ತದೆ.